ಪರದೆಯ ಮೇಲೆ ಸೂರ್ಯ ಮುಳುಗದಿದ್ದಾಗ: ಜಾವಾದ ಗ್ರೇಡಿಯಂಟ್ ಸಬ್‌ಕ್ಲಾಸ್ ಎಲ್ಲಿ ಕೈಕೊಡುತ್ತದೆ

ಮೇ ಕೊನೆಯ ವಾರ, ಸಂಜೆ ಏಳೂವರೆ. ಕಾರವಾರದಲ್ಲಿ ಪ್ರವಾಸಿಗರಿಗೆ ಬೋಟು ಬಿಡುವ ಒಬ್ಬರ ಫೋನು ಬಂತು. "ಮೇಡಂ, ಹೊರಗೆ ಕತ್ತಲಾಯ್ತು. ನಿಮ್ಮ ಟಿವಿಯಲ್ಲಿ ಮಾತ್ರ ಇನ್ನೂ ಬೆಳಗಾಗ್ತಾನೇ ಇದೆ."

ಅವರ ಟಿಕೆಟ್ ಕೌಂಟರಿನ ಹಿಂದೆ ದೊಡ್ಡ ಪರದೆ ಹಾಕಿಕೊಟ್ಟವರು ನಾವೇ. ಅವತ್ತಿನ ಉಬ್ಬರ ಇಳಿತದ ಹೊತ್ತು, ಬೋಟು ಹೊರಡುವ ಸಮಯ, ಹಿಂದೆ ಆಕಾಶ. ಆಕಾಶದ ಬಣ್ಣ ಗಡಿಯಾರದ ಪ್ರಕಾರ ಬದಲಾಗಬೇಕು: ಬೆಳಿಗ್ಗೆ ತಿಳಿಗುಲಾಬಿ, ಮಧ್ಯಾಹ್ನ ನೀಲಿ, ಸಂಜೆ ಕೇಸರಿ. ಪ್ರೋಗ್ರಾಂ ಜಾವಾ ಭಾಷೆಯದ್ದು. ಬಣ್ಣ ತುಂಬಲು ಜಾವಾದ ಜೊತೆಗೇ ಬರುವ ಜಾವಾ 2ಡಿ ಲೈಬ್ರರಿ ಬಳಸಿದ್ದೆವು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಆ 61 ದಿನ ಬೈತಖೋಲ ಬಂದರಿನಲ್ಲಿ ಬಲೆ ಸರಿಮಾಡುವವರು ಬಲೆ ಸರಿಮಾಡುತ್ತಾರೆ, ಬೋಟಿಗೆ ಬಣ್ಣ ಬಳಿಯುವವರು ಬಣ್ಣ ಬಳಿಯುತ್ತಾರೆ. ಮಳೆಗೆ ಪ್ರವಾಸಿಗರೂ ಇಲ್ಲ. ನಾವು ಕೂತು ಆಕಾಶ ರಿಪೇರಿ ಮಾಡಿದೆವು. ಇದೇ ತೊಂದರೆ ಬೇರೆಯವರಿಗೂ ಬರುವುದು ಖಂಡಿತ, ಅದಕ್ಕೇ ಹುಡುಕಿದ ದಾರಿಯನ್ನು ಬರೆದಿಡುತ್ತಿದ್ದೇನೆ. ತಪ್ಪು ದಾರಿ ಹಿಡಿದದ್ದನ್ನೂ ಸೇರಿಸಿ.

ರೋಗದ ಲಕ್ಷಣ

ನಮ್ಮಲ್ಲಿ ಕೆಲಸ ಮಾಡುವ ಸಿರ್ಸಿ ಕಡೆಯ ಹುಡುಗ ಬರೆದ ಕೋಡು ಅದು. ಓದಲು ಚೆನ್ನಾಗಿಯೇ ಇತ್ತು. ಗ್ರೇಡಿಯಂಟ್ ಅಂದರೆ ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ತಿರುಗುವುದು. ಅದನ್ನು ತುಂಬುವ ಗ್ರೇಡಿಯಂಟ್‌ಪೇಂಟ್ ಎಂಬ ಕ್ಲಾಸನ್ನು (ಆಬ್ಜೆಕ್ಟುಗಳನ್ನು ಮಾಡುವ ಅಚ್ಚು) ಎಕ್ಸ್‌ಟೆಂಡ್ ಮಾಡಿ, ಅಂದರೆ ಅದರ ಗುಣಗಳನ್ನೆಲ್ಲ ಪಡೆದು ಮೇಲೆ ತನ್ನದನ್ನು ಸೇರಿಸಿ, 'ಆಕಾಶಪೇಂಟ್' ಎಂಬ ಸಬ್‌ಕ್ಲಾಸ್ ಮಾಡಿದ್ದ. ಗ್ರೇಡಿಯಂಟ್‌ಪೇಂಟ್‌ನಲ್ಲಿ ಎರಡು ಬಿಂದು, ಎರಡು ಬಣ್ಣ. ಮೊದಲ ಬಣ್ಣವನ್ನು ಕೊಡುವ ಮೆಥಡ್ ಗೆಟ್‌ಕಲರ್1, ಎರಡನೆಯದಕ್ಕೆ ಗೆಟ್‌ಕಲರ್2. ಈ ಎರಡನ್ನೂ ಅವನು ಓವರ್‌ರೈಡ್ ಮಾಡಿ (ಮೂಲದ್ದರ ಬದಲು ತನ್ನದನ್ನು ಇಟ್ಟು), ಗಡಿಯಾರ ನೋಡಿ ಆ ಹೊತ್ತಿನ ಬಣ್ಣ ಹಿಂದಿರುಗಿಸುವಂತೆ ಬರೆದಿದ್ದ. ಓವರ್‌ರೈಡ್ ಎಂಬ ಗುರುತನ್ನೂ ಮೇಲೆ ಹಾಕಿದ್ದ. ಕೋಡನ್ನು ಪರೀಕ್ಷಿಸಿ ಓಡುವ ರೂಪಕ್ಕೆ ತರುವ ಕಂಪೈಲರ್ ಒಂದು ಮಾತೂ ಆಡಲಿಲ್ಲ.

"ಅಕ್ಕಾ, ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಆದ್ರೂ ಬಣ್ಣ ಬದಲಾಗೋದಿಲ್ಲ" ಅಂದ.

ಪ್ರೋಗ್ರಾಂ ಶುರುವಾದ ಹೊತ್ತಿನ ಬಣ್ಣವೇ ಇಡೀ ದಿನ ಇರುತ್ತಿತ್ತು. ಬೆಳಿಗ್ಗೆ ಕೌಂಟರ್ ತೆಗೆಯುವಾಗ ಕಂಪ್ಯೂಟರ್ ಹಾಕುತ್ತಾರೆ, ಹಾಗಾಗಿ ರಾತ್ರಿಯವರೆಗೂ ತಿಳಿಗುಲಾಬಿ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂದಿತ್ತಂತೆ. ಅವತ್ತು ಸಂಜೆತನಕ ನೀಲಿ. ಈ ಕರೆಂಟಿನ ವಿಷಯ ಅವರು ಸುಮ್ನೆ ಮಾತಿಗೆ ಹೇಳಿದ್ದು. ನಾನು ಅದನ್ನು ಆಗಲೇ ಕಿವಿಗೆ ಹಾಕಿಕೊಂಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಮೊದಲು ಟೈಮರ್ ಮೇಲೆ ಅನುಮಾನ

ಬಣ್ಣ ಬದಲಾಗುತ್ತಿಲ್ಲ ಅಂದರೆ ಮತ್ತೆ ಬಿಡಿಸುತ್ತಿಲ್ಲ ಅಂತಲೇ ಯಾರಿಗಾದರೂ ಅನಿಸುತ್ತದೆ. ನನಗೂ ಹಾಗೇ ಅನಿಸಿತು. ಸ್ವಿಂಗ್ (ಜಾವಾದಲ್ಲಿ ಪರದೆ ಕಟ್ಟುವ ಲೈಬ್ರರಿ) ಟೈಮರ್ ನಿಂತಿದೆಯೇ, ರಿಪೇಂಟ್ ಕರೆ ಹೋಗುತ್ತಿದೆಯೇ ಎಂದು ಕೆದಕುತ್ತಾ ಕೂತೆ. ಪರದೆ ಬಿಡಿಸುವ ಪೇಂಟ್‌ಕಾಂಪೊನೆಂಟ್ ಮೆಥಡ್ಡಿನ ಮೊದಲ ಸಾಲಿಗೆ ಒಂದು ಪ್ರಿಂಟ್ ಹಾಕಿದ್ದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ಕೊನೆಗೆ ಹಾಕಿದಾಗ ನಿಮಿಷಕ್ಕೊಂದು ಸಾಲು ಸರಿಯಾಗಿ ಬಂತು. ಉಬ್ಬರ ಇಳಿತದ ಅಂಕಿಗಳೂ ಹೊಸದಾಗುತ್ತಲೇ ಇದ್ದವು, ಅಲ್ವಾ? ಅದನ್ನು ನೋಡಿದರೂ ಸಾಕಿತ್ತು. ಪರದೆ ಮತ್ತೆ ಮತ್ತೆ ಬಿಡಿಸುತ್ತಿದೆ, ಹಳೇ ಬಣ್ಣದಲ್ಲೇ ಬಿಡಿಸುತ್ತಿದೆ.

ಆಮೇಲೆ, ಯಾವ ಪೇಂಟ್ ಬಳಸಬೇಕೆಂದು ಲೈಬ್ರರಿಗೆ ಹೇಳುವ ಸೆಟ್‌ಪೇಂಟ್‌ಗೆ ಹೋಗುತ್ತಿರುವುದು ನಮ್ಮದೇ ಆಬ್ಜೆಕ್ಟಾ ಎಂದು ಕ್ಲಾಸ್ ಹೆಸರು ಪ್ರಿಂಟ್ ಮಾಡಿದೆವು. ಆಕಾಶಪೇಂಟ್ ಅಂತಲೇ ಬಂತು.

ಕಣ್ಣಿಗೆ ಹೊಡೆಯುವ ಬಣ್ಣದ ಪರೀಕ್ಷೆ

ಇಂಥ ಹೊತ್ತಲ್ಲಿ ನನಗೆ ಇಷ್ಟದ ಪರೀಕ್ಷೆ ಒಂದಿದೆ. ಓವರ್‌ರೈಡ್ ಮಾಡಿದ ಮೆಥಡ್ಡಿನ ಒಳಗಿನದ್ದನ್ನೆಲ್ಲ ಅಳಿಸಿ, ಕಣ್ಣಿಗೆ ಹೊಡೆಯುವಂಥ ಒಂದೇ ಬಣ್ಣ ಹಿಂದಿರುಗಿಸಿ. ಮಜೆಂಟಾ ಇದಕ್ಕೆ ಹೇಳಿಮಾಡಿಸಿದ್ದು. ಯಾವ ಆಕಾಶದಲ್ಲೂ ಅದು ತಾನಾಗಿ ಬರುವುದಿಲ್ಲ. ಪರದೆ ಮಜೆಂಟಾ ಆದರೆ ತಪ್ಪು ನಮ್ಮ ಗಡಿಯಾರದ ಲೆಕ್ಕದಲ್ಲಿದೆ. ಆಗದಿದ್ದರೆ ಆ ಮೆಥಡ್ಡನ್ನು ಯಾರೂ ಕೇಳುತ್ತಲೇ ಇಲ್ಲ.

ಆಗಲಿಲ್ಲ. ಹಾಯಾಗಿ ತಿಳಿಗುಲಾಬಿಯಾಗಿಯೇ ಇತ್ತು.

ಇನ್ನು ಊಹೆ ಮಾಡುತ್ತಾ ಕೂರುವ ಅಗತ್ಯವಿಲ್ಲ. ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯುವವರ ಸಲಕರಣೆ) ಹಾಕಿಕೊಂಡವರ ಬಳಿ ಲೈಬ್ರರಿಯ ಮೂಲ ಕೋಡು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಜಾವಾ 9ರಿಂದ ಈಚೆಗೆ ಅದು ಲಿಬ್ ಫೋಲ್ಡರಿನೊಳಗೆ ಎಸ್‌ಆರ್‌ಸಿ ಎಂಬ ಜಿಪ್ ಫೈಲಾಗಿ ಸಿಗುತ್ತದೆ. ಅದನ್ನು ಬಿಚ್ಚಿ ಗ್ರೇಡಿಯಂಟ್‌ಪೇಂಟ್ ತೆರೆದೆವು.

ಬಣ್ಣ ತುಂಬುವ ಹೊತ್ತಿಗೆ ಲೈಬ್ರರಿ ಕರೆಯುವುದು ಕ್ರಿಯೇಟ್‌ಕಾಂಟೆಕ್ಸ್ಟ್ ಎಂಬ ಮೆಥಡ್ಡನ್ನು. ಅದರಲ್ಲಿರುವ ಕೆಲಸ ಇಷ್ಟೇ: ಪಿಕ್ಸೆಲ್‌ಗಳ ಬಣ್ಣ ಲೆಕ್ಕಹಾಕುವ ಗ್ರೇಡಿಯಂಟ್‌ಪೇಂಟ್‌ಕಾಂಟೆಕ್ಸ್ಟ್ ಎಂಬ ಹೊಸ ಆಬ್ಜೆಕ್ಟ್ ಮಾಡಿ ಕೊಡುವುದು. ಅದಕ್ಕೆ ಬಿಂದುಗಳನ್ನೂ ಬಣ್ಣಗಳನ್ನೂ ಕೊಡುತ್ತದಲ್ಲ, ಅವನ್ನು ತೆಗೆದುಕೊಳ್ಳುವುದು ನೇರವಾಗಿ ಫೀಲ್ಡುಗಳಿಂದ, ಅಂದರೆ ಆಬ್ಜೆಕ್ಟ್ ತನ್ನೊಳಗೆ ಬೆಲೆ ಇಟ್ಟುಕೊಂಡ ಜಾಗಗಳಿಂದ. ಗೆಟ್‌ಕಲರ್1 ಅನ್ನು ಕರೆಯುವುದೇ ಇಲ್ಲ. ನಾವು ಮುಂಬಾಗಿಲಲ್ಲಿ ಹೊಸ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದೆವು. ಮನೆಯವರು ಹಿತ್ತಲ ಬಾಗಿಲಿಂದ ಹೋಗಿ ಹಳೇ ಡಬ್ಬಿಯಿಂದಲೇ ತೆಗೆದುಕೊಳ್ಳುತ್ತಿದ್ದರು.

ಆ ಫೀಲ್ಡುಗಳಿಗೆ ಬೆಲೆ ಬೀಳುವುದು ಒಂದೇ ಸಲ, ಆಬ್ಜೆಕ್ಟ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರ್‌ನಲ್ಲಿ. ಸಬ್‌ಕ್ಲಾಸ್ ಸೂಪರ್ ಎಂದು ಮೇಲಿನ ಕ್ಲಾಸಿನ ಕನ್‌ಸ್ಟ್ರಕ್ಟರನ್ನು ಕರೆದು ಏನು ಕೊಟ್ಟಿತೋ ಅದೇ ಕೊನೆತನಕ. ಫೀಲ್ಡುಗಳು ಪ್ಯಾಕೇಜಿನ (ಒಟ್ಟಿಗೆ ಇಟ್ಟ ಕ್ಲಾಸುಗಳ ಗುಂಪು) ಒಳಗಿನವು, ಸಬ್‌ಕ್ಲಾಸ್‌ನಿಂದ ಅವನ್ನು ಮುಟ್ಟಲೂ ಆಗುವುದಿಲ್ಲ. ಬೆಳಿಗ್ಗೆ ಹಾಕಿದರೆ ಗುಲಾಬಿ, ಕರೆಂಟ್ ಹೋಗಿ ಬಂದರೆ ನೀಲಿ. ಲೆಕ್ಕ ತಾಳೆಯಾಯಿತು.

ಹುಡುಗನಿಗೆ ಈ ಉಪಾಯ ಎಲ್ಲಿಂದ ಹೊಳೆಯಿತು ಎಂದು ಕೇಳಿದೆ. ಜಾವಾದ ಕಲರ್ ಕ್ಲಾಸನ್ನು ಹಿಂದೊಮ್ಮೆ ಹೀಗೇ ಎಕ್ಸ್‌ಟೆಂಡ್ ಮಾಡಿದ್ದನಂತೆ, ಆಗ ಕೆಲಸ ಮಾಡಿತ್ತಂತೆ. ಅವನು ಹೇಳಿದ್ದು ಸುಳ್ಳಲ್ಲ. ಸೆಟ್‌ಕಲರ್ ಮಾಡಿದಾಗ ಲೈಬ್ರರಿ ಗೆಟ್‌ಆರ್‌ಜಿಬಿ ಮೆಥಡ್ಡನ್ನು ಕರೆದು ಬಣ್ಣ ಕೇಳುತ್ತದೆ. ಸಿಸ್ಟಮ್‌ಕಲರ್ ಎಂಬ ಕ್ಲಾಸ್ ಲೈಬ್ರರಿಯಲ್ಲೇ ಇದೆ, ಅದು ಕಲರ್‌ನ ಸಬ್‌ಕ್ಲಾಸ್. ಒಂದೇ ಪ್ಯಾಕೇಜು, ಅಕ್ಕಪಕ್ಕದ ಎರಡು ಕ್ಲಾಸು. ಒಂದು ಮೆಥಡ್ ಮೂಲಕ ಕೇಳುತ್ತದೆ, ಇನ್ನೊಂದು ಫೀಲ್ಡಿಗೇ ಕೈ ಹಾಕುತ್ತದೆ. ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದಾದರೂ ಹೇಗೆ?

ಮೂರು ಬಣ್ಣ ಬೇಕಾದಾಗ ಎದುರಾಗುವ ಬಾಗಿಲು

ಗ್ರೇಡಿಯಂಟ್‌ಪೇಂಟ್ ಬಂದದ್ದು 1998ರಲ್ಲಿ, ಜಾವಾ 1.2ರ ಜೊತೆ. ಅದಕ್ಕೆ ಗೊತ್ತಿರುವುದು ಎರಡೇ ಬಣ್ಣ. ನಮ್ಮ ಕಡೆಯ ಸಂಜೆಗೆ ಎರಡು ಸಾಲದು. ಮೇಲೆ ನೀಲಿ, ಕೆಳಗೆ ಕೇಸರಿ ಇಟ್ಟರೆ ನಡುವೆ ಪಾತ್ರೆ ತೊಳೆದ ನೀರಿನಂಥ ಬೂದಿ ಬರುತ್ತದೆ. ಎರಡೂ ಎದುರುಬದುರಿನ ಬಣ್ಣ, ಬೆರೆತರೆ ಮಂಕಾಗುವುದೇ. ನಡುವೆ ಒಂದು ಮಾಸಲು ಗುಲಾಬಿ ಇಟ್ಟರೆ ದೇವಗಡದ ದೀಪಸ್ತಂಭದ ಹಿಂದೆ ಕಾಣುವ ಬಣ್ಣಕ್ಕೆ ಹತ್ತಿರ ಬರುತ್ತದೆ.

ಜಾಸ್ತಿ ಬಣ್ಣ ಬೇಕೆಂದರೆ ಲೀನಿಯರ್‌ಗ್ರೇಡಿಯಂಟ್‌ಪೇಂಟ್ ಇದೆ. 2006ರಲ್ಲಿ ಜಾವಾ 6ರ ಜೊತೆ ಬಂದದ್ದು. ಹುಡುಗ ಹಳೇ ಚಾಳಿಯಂತೆ ಅದನ್ನೂ ಎಕ್ಸ್‌ಟೆಂಡ್ ಮಾಡಲು ಹೋದ. ಈ ಸಲ ಕಂಪೈಲರೇ ತಡೆಯಿತು: ಫೈನಲ್ ಕ್ಲಾಸಿನಿಂದ ಇನ್‌ಹೆರಿಟ್ ಮಾಡಲಾಗದು. ವೃತ್ತಾಕಾರದ ರೇಡಿಯಲ್‌ಗ್ರೇಡಿಯಂಟ್‌ಪೇಂಟ್ ಕೂಡ ಫೈನಲ್. ಹಾಗಾದರೆ ಇವೆರಡರ ಮೇಲಿನ ಮಲ್ಟಿಪಲ್‌ಗ್ರೇಡಿಯಂಟ್‌ಪೇಂಟ್ ಹಿಡಿಯೋಣ ಎಂದರೆ, ಅದು ಪಬ್ಲಿಕ್, ಅಬ್‌ಸ್ಟ್ರ್ಯಾಕ್ಟ್, ನೋಡಲು 'ನನ್ನನ್ನು ಎಕ್ಸ್‌ಟೆಂಡ್ ಮಾಡು' ಎಂಬಂತಿದೆ. ಆದರೆ ಕನ್‌ಸ್ಟ್ರಕ್ಟರ್ ಪಬ್ಲಿಕ್ ಅಲ್ಲ, ಪ್ಯಾಕೇಜಿನ ಒಳಗಿನವರಿಗೆ ಮಾತ್ರ. ಹೊರಗಿನ ಸಬ್‌ಕ್ಲಾಸ್ ಸೂಪರ್ ಎಂದು ಕರೆಯಲಾಗದೆ ಅಲ್ಲೇ ನಿಲ್ಲುತ್ತದೆ.

ಅವನಿಗೆ ಸಿಟ್ಟು ಬಂತು. ನನಗೆ ಸಮಾಧಾನ. 1998ರ ಕ್ಲಾಸ್ ಬಾಗಿಲು ತೆರೆದಿಟ್ಟು ಒಳಗೆ ನಮ್ಮ ಮಾತು ಕೇಳಲಿಲ್ಲ. 2006ರದ್ದು ಬಾಗಿಲಲ್ಲೇ ಆಗದು ಎಂದಿತು. ಎರಡನೆಯದೇ ವಾಸಿ. ಕಂಪೈಲ್ ಆಗುವಾಗ ಸಿಗುವ ಎರರ್ ನಮ್ಮ ಮೇಜಿನ ಮೇಲೆ ಸಿಗುತ್ತದೆ. ಮೊದಲನೆಯ ಬಗೆಯದು ಗಿರಾಕಿಯ ಫೋನಿನಲ್ಲಿ ಸಿಗುತ್ತದೆ.

ಜಾವಾ ಮಾತ್ರ ಹೀಗೆ ಎಂದುಕೊಳ್ಳಬೇಡಿ. ಮೈಕ್ರೋಸಾಫ್ಟಿನ ಡಾಟ್‌ನೆಟ್‌ನ ಲೀನಿಯರ್‌ಗ್ರೇಡಿಯಂಟ್‌ಬ್ರಷ್ ಕೂಡ ಸೀಲ್ಡ್, ಅಂದರೆ ಎಕ್ಸ್‌ಟೆಂಡ್ ಮಾಡಲಾಗದ್ದು. ಬ್ರೌಸರಿನ ಕ್ಯಾನ್‌ವಾಸ್‌ಗ್ರೇಡಿಯಂಟನ್ನು ಎಕ್ಸ್‌ಟೆಂಡ್ ಮಾಡಿ ಹೊಸ ಆಬ್ಜೆಕ್ಟ್ ಮಾಡಲು ಹೋದರೆ 'ಇಲ್ಲೀಗಲ್ ಕನ್‌ಸ್ಟ್ರಕ್ಟರ್' ಎಂದು ಬೈಯುತ್ತದೆ.

ಸಬ್‌ಕ್ಲಾಸ್ ಆದದ್ದಕ್ಕೇ ನಿಧಾನ

ಇದು ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ, ಸ್ವಲ್ಪ ನಿಂತು ನೋಡಬೇಕು.

ಗ್ರೇಡಿಯಂಟ್‌ಪೇಂಟ್‌ನ ಸಬ್‌ಕ್ಲಾಸಿನಲ್ಲಿ ಗೆಟ್‌ಕಲರ್1 ಬಿಟ್ಟು ಕ್ರಿಯೇಟ್‌ಕಾಂಟೆಕ್ಸ್ಟನ್ನೇ ಓವರ್‌ರೈಡ್ ಮಾಡಿದರೆ ಬಣ್ಣ ಬದಲಾಗುತ್ತದೆ. ನಾವೂ ಮಾಡಿ ನೋಡಿದೆವು, ಆಕಾಶ ಸರಿಹೋಯಿತು. ಆದರೆ ಮೂಲ ಕೋಡಿನಲ್ಲಿ ಇನ್ನೊಂದು ಕಡೆ ನೋಡಿ: ಸನ್‌ಗ್ರಾಫಿಕ್ಸ್2ಡಿ ಎಂಬ ಕ್ಲಾಸಿನ ಸೆಟ್‌ಪೇಂಟ್. ನಾವು ಕೊಟ್ಟ ಪೇಂಟ್ ಯಾವ ಜಾತಿಯದು ಎಂದು ಅಲ್ಲಿ ವಿಂಗಡಿಸುತ್ತಾರೆ. ಕಲರ್ ಆದರೆ ಇನ್‌ಸ್ಟನ್ಸ್‌ಆಫ್ ಬಳಸಿ ಕೇಳುತ್ತಾರೆ, ಸಬ್‌ಕ್ಲಾಸೂ ನಡೆಯುತ್ತದೆ. ಗ್ರೇಡಿಯಂಟ್‌ಪೇಂಟ್ ಆದರೆ ಹಾಗಲ್ಲ. ಆಬ್ಜೆಕ್ಟಿನ ಕ್ಲಾಸ್ ಗ್ರೇಡಿಯಂಟ್‌ಪೇಂಟ್‌ಗೆ ಸರಿಸಮವೇ ಎಂದು ಎರಡು ಸಮಚಿಹ್ನೆ ಇಟ್ಟು ಹೋಲಿಸುತ್ತಾರೆ. ಸಬ್‌ಕ್ಲಾಸ್ ಅಲ್ಲಿ ಸಮವಲ್ಲ. ಅದು ಕೆಳಗೆ ಜಾರಿ ಕೊನೆಯ ಗುಂಪಿಗೆ ಬೀಳುತ್ತದೆ, 'ಪೇಂಟ್ ಕಸ್ಟಮ್' ಎಂಬ ಗುಂಪು.

ಸಿರ್ಸಿಯ ಅಡಿಕೆ ವ್ಯಾಪಾರದಲ್ಲಿ ರಾಶಿ, ಚಾಲಿ, ಬೆಟ್ಟೆ ಎಂದು ಬೇರೆ ಬೇರೆ ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಮರದ್ದು ಎಂದು ಚಾಲಿಗೆ ರಾಶಿಯ ದರ ಕೊಡುವುದಿಲ್ಲ.

ಗ್ರೇಡಿಯಂಟ್ ಎಂದು ಗುರುತು ಸಿಕ್ಕಿದರೆ, ಗ್ರಾಫಿಕ್ಸ್ ಕಾರ್ಡ್ ಬಳಸಿ ಚಿತ್ರ ಬಿಡಿಸುವ ಪೈಪ್‌ಲೈನ್‌ಗಳು (ವಿಂಡೋಸ್‌ನ ಡೈರೆಕ್ಟ್3ಡಿ, ಓಪನ್‌ಜಿಎಲ್, ಲಿನಕ್ಸ್‌ನ ಎಕ್ಸ್‌ರೆಂಡರ್) ಬಣ್ಣ, ಬಿಂದುಗಳನ್ನು ಮಾತ್ರ ಕಾರ್ಡಿಗೋ ಪರದೆ ನೋಡಿಕೊಳ್ಳುವ ಸರ್ವರಿಗೋ ಕಳಿಸಬಹುದು. ಕಸ್ಟಮ್ ಗುಂಪಿಗೆ ಬಿದ್ದರೆ ಆ ದಾರಿ ಇಲ್ಲ. ನಮ್ಮ ಕಾಂಟೆಕ್ಸ್ಟನ್ನು ಕರೆದು, ಪಿಕ್ಸೆಲ್‌ಗಳನ್ನು ಪ್ರೊಸೆಸರ್‌ನಲ್ಲೇ ಲೆಕ್ಕಹಾಕಿ, ತುಂಡು ತುಂಡಾಗಿ ಸಾಗಿಸಬೇಕು. ಸಣ್ಣ ಬಟನ್ನಿಗೆ ಬಳಸಿದರೆ ಯಾರಿಗೂ ತಿಳಿಯುವುದಿಲ್ಲ. ಇಡೀ ಟಿವಿಯ ಆಕಾಶಕ್ಕೆ ಬಳಸಿ, ಮೇಲೆ ಬೋಟಿನ ಚಿತ್ರವನ್ನೂ ಅಲ್ಲಾಡಿಸಿದರೆ ಹಳೇ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಬಳಸದೆ ಬರೀ ಸಾಫ್ಟ್‌ವೇರ್‌ನಲ್ಲಿ ಬಿಡಿಸುವಾಗ ಮಾತ್ರ ಈ ವ್ಯತ್ಯಾಸ ಕಾಣುವುದಿಲ್ಲ, ಅಲ್ಲಿ ಎಲ್ಲರಿಗೂ ಕಾಂಟೆಕ್ಸ್ಟ್ ದಾರಿಯೇ. ಆದ್ದರಿಂದ ನಮ್ಮ ಕಚೇರಿಯಲ್ಲಿ ಚುರುಕಾಗಿ ಓಡಿದ್ದು ಗಿರಾಕಿಯ ಕಡೆ ತೆವಳಬಹುದು.

ಇದನ್ನು ಪತ್ತೆಮಾಡಲು ಜಾವಾ ಶುರುಮಾಡುವಾಗ 'ಸನ್ ಡಾಟ್ ಜಾವಾ2ಡಿ ಡಾಟ್ ಟ್ರೇಸ್' ಎಂಬ ಪ್ರಾಪರ್ಟಿಗೆ 'ಕೌಂಟ್' ಎಂದು ಕೊಡಿ. ಪ್ರೋಗ್ರಾಂ ಮುಚ್ಚುವಾಗ ಯಾವ ಚಿತ್ರಣ ಕೆಲಸ ಎಷ್ಟು ಸಲ ನಡೆಯಿತೆಂದು ಪಟ್ಟಿ ಬರುತ್ತದೆ. ಒಮ್ಮೆ ಸಬ್‌ಕ್ಲಾಸ್ ಇಟ್ಟು, ಒಮ್ಮೆ ಸಾದಾ ಗ್ರೇಡಿಯಂಟ್‌ಪೇಂಟ್ ಇಟ್ಟು ಎರಡು ಪಟ್ಟಿ ತೆಗೆಯಿರಿ. ಅಕ್ಕಪಕ್ಕ ಇಟ್ಟರೆ ದಾರಿ ಬೇರೆಯಾದದ್ದು ಕಾಣುತ್ತದೆ.

ಪರಿಹಾರ: ಇನ್‌ಹೆರಿಟ್ ಬಿಡಿ, ಪ್ರತಿ ಸಲ ಹೊಸದು ಮಾಡಿ

ಪೇಂಟ್ ಇಂಟರ್‌ಫೇಸಿನ (ಎಲ್ಲ ಪೇಂಟ್‌ಗಳೂ ಪಾಲಿಸಬೇಕಾದ ಕರಾರು) ದಾಖಲೆಯಲ್ಲಿ ಒಂದು ಷರತ್ತು ಇದೆ, ನಾವಿಬ್ಬರೂ ಓದಿರಲಿಲ್ಲ. ಪೇಂಟ್ ಆಬ್ಜೆಕ್ಟುಗಳು ಒಮ್ಮೆ ಮಾಡಿದ ಮೇಲೆ ಬದಲಾಗಬಾರದು, ಏಕೆಂದರೆ ಚಿತ್ರ ಬಿಡಿಸುವ ಗ್ರಾಫಿಕ್ಸ್2ಡಿ ಅವನ್ನು ನಕಲು ಮಾಡಿಟ್ಟುಕೊಳ್ಳುವುದಿಲ್ಲ. ಅಂದರೆ ಗಡಿಯಾರ ನೋಡಿ ಬಣ್ಣ ಬದಲಿಸುವ ಪೇಂಟ್ ಎಂಬ ಯೋಚನೆಯೇ ಲೈಬ್ರರಿಯ ಕರಾರಿಗೆ ವಿರುದ್ಧ. ಓವರ್‌ರೈಡ್ ಕೆಲಸ ಮಾಡಿದ್ದರೂ ತಪ್ಪೇ.

ಹಾಗಾಗಿ ಆಕಾಶಪೇಂಟ್ ಕ್ಲಾಸನ್ನು ಅಳಿಸಿದೆವು. ಅದರ ಜಾಗದಲ್ಲಿ ಒಂದು ಸಾದಾ ಫ್ಯಾಕ್ಟರಿ ಮೆಥಡ್. ದಿನದ ಎಷ್ಟನೇ ನಿಮಿಷ, ಆಕಾಶದ ಎತ್ತರ ಎಷ್ಟು ಎಂದು ತೆಗೆದುಕೊಂಡು, ಲೀನಿಯರ್‌ಗ್ರೇಡಿಯಂಟ್‌ಪೇಂಟ್ ಒಂದನ್ನು ಮಾಡಿ ಕೊಡುತ್ತದೆ. ಅದು ಲೈಬ್ರರಿಯ ಅಚ್ಚ ಆಬ್ಜೆಕ್ಟ್, ನಮ್ಮ ಸಬ್‌ಕ್ಲಾಸ್ ಅಲ್ಲ. ಸೆಟ್‌ಪೇಂಟ್‌ನ ವಿಂಗಡಣೆಯಲ್ಲಿ ಸರಿಯಾದ ಗುಂಪಿಗೇ ಹೋಗುತ್ತದೆ. ನಿಮಿಷ ಅಥವಾ ಎತ್ತರ ಬದಲಾಗುವವರೆಗೆ ಅದನ್ನೇ ಇಟ್ಟುಕೊಳ್ಳುತ್ತೇವೆ, ಬದಲಾದರೆ ಬಿಸಾಡಿ ಹೊಸದು.

ಪೇಂಟ್ ಇಂಟರ್‌ಫೇಸನ್ನೇ ಇಂಪ್ಲಿಮೆಂಟ್ ಮಾಡಿ ಒಳಗೆ ಗ್ರೇಡಿಯಂಟ್ ಇಟ್ಟುಕೊಳ್ಳುವ ದಾರಿಯೂ ಇದೆ, ತಪ್ಪಲ್ಲ. ಅಲೆಯ ಮೇಲೆ ಮಿನುಗುವ ಬೆಳಕಿನಂಥ, ಲೈಬ್ರರಿಯಲ್ಲಿ ಇಲ್ಲದ ತುಂಬುವಿಕೆ ಬೇಕಾದರೆ ಅದೇ ಸರಿ. ಆದರೆ ಅದೂ ಕಸ್ಟಮ್ ಗುಂಪಿಗೇ ಬೀಳುತ್ತದೆ. ಆ ದಾರಿ ಹಿಡಿದರೆ ಕ್ರಿಯೇಟ್‌ಕಾಂಟೆಕ್ಸ್ಟ್‌ಗೆ ಬಂದ ಅಫೈನ್ ಟ್ರಾನ್ಸ್‌ಫಾರ್ಮನ್ನು (ಚಿತ್ರವನ್ನು ಜರುಗಿಸುವ, ಹಿಗ್ಗಿಸುವ ಲೆಕ್ಕ) ಹಾಗೇ ಒಳಗಿನ ಗ್ರೇಡಿಯಂಟಿಗೆ ದಾಟಿಸಿ. ಬಿಟ್ಟರೆ ಸ್ಕ್ರೋಲ್ ಮಾಡಿದಾಗ, ಪ್ರಿಂಟ್ ತೆಗೆದಾಗ ಬಣ್ಣ ಎಲ್ಲೋ ಜರುಗಿ ಕೂರುತ್ತದೆ.

ಬದಲಿಸಿದ ಮೇಲೆ ಬಂದ ಎರಡು ತಕರಾರು

ಲೀನಿಯರ್‌ಗ್ರೇಡಿಯಂಟ್‌ಪೇಂಟ್ ಅಣ್ಣನಿಗಿಂತ ಮೂಗಿನ ಮೇಲೆ ಕೋಪ ಇರುವಂಥದ್ದು. ಮೊದಲ ಬಿಂದುವೂ ಕೊನೆಯ ಬಿಂದುವೂ ಒಂದೇ ಆದರೆ ಎಕ್ಸೆಪ್ಶನ್ (ಓಡುವಾಗ ಬರುವ ಎರರ್) ಎಸೆಯುತ್ತದೆ. ನಾವು ಪ್ಯಾನೆಲ್‌ನ ಕನ್‌ಸ್ಟ್ರಕ್ಟರ್‌ನಲ್ಲೇ ಗ್ರೇಡಿಯಂಟ್ ಮಾಡಿದ್ದೆವು. ಲೇಔಟ್ ಆಗುವ ಮೊದಲು ಪ್ಯಾನೆಲ್‌ನ ಎತ್ತರ 0. ಎರಡು ಬಿಂದುವೂ ಒಂದೇ ಕಡೆ. ಹಳೇ ಗ್ರೇಡಿಯಂಟ್‌ಪೇಂಟ್ ಇದಕ್ಕೆಲ್ಲ ಸುಮ್ಮನಿರುತ್ತಿತ್ತು. ಗ್ರೇಡಿಯಂಟ್ ಮಾಡುವುದನ್ನು ಪೇಂಟ್‌ಕಾಂಪೊನೆಂಟ್ ಒಳಗೆ ಸರಿಸಿದೆವು, ಮುಗಿಯಿತು.

ಇನ್ನೊಂದು ತರಲೆ ಜಾಸ್ತಿ. ನಮ್ಮ ಚಿತ್ರದಲ್ಲಿ ಸಮುದ್ರದ ಅಂಚು ಎತ್ತರದ 0.7ರಲ್ಲಿ ಇತ್ತು. ಕೇಸರಿ ಪಟ್ಟಿ ಸಂಜೆಯಾದಂತೆ ಇಳಿಯುತ್ತಾ ಬಂದು ಅಂಚನ್ನು ಮುಟ್ಟಬೇಕು. ಮುಟ್ಟಿದ ನಿಮಿಷದಲ್ಲಿ ಎರಡು ಸ್ಟಾಪುಗಳೂ (ಬಣ್ಣ ಕೂರುವ ಜಾಗಗಳು) 0.7. ಫ್ರಾಕ್ಷನ್‌ಗಳು, ಅಂದರೆ ಈ ಸ್ಟಾಪುಗಳ ಅಂಕಿಗಳು, ಒಂದಕ್ಕಿಂತ ಒಂದು ಹೆಚ್ಚುತ್ತಲೇ ಹೋಗಬೇಕು, ಸಮ ಇರುವಂತಿಲ್ಲ. ಮತ್ತೆ ಎಕ್ಸೆಪ್ಶನ್. ಸ್ವಿಂಗ್‌ನಲ್ಲಿ ಬಿಡಿಸುವಾಗ ಎಕ್ಸೆಪ್ಶನ್ ಬಂದರೆ ಪ್ರೋಗ್ರಾಂ ಸಾಯುವುದಿಲ್ಲ, ಆ ಸಲದ ಚಿತ್ರ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಅಂದರೆ ದಿನಕ್ಕೆ ಒಂದೇ ನಿಮಿಷ, ಸರಿಯಾಗಿ ಸೂರ್ಯ ಮುಳುಗುವಾಗ, ಆಕಾಶವೇ ಇರುವುದಿಲ್ಲ.

ಹುಡುಗ ಒಂದನ್ನು 0.69999999 ಎಂದು ತಿದ್ದಿದ. ಈ ಅಂಕಿಗಳನ್ನು ಇಡುವ ಫ್ಲೋಟ್‌ಗೆ ಅಷ್ಟು ಸಣ್ಣ ವ್ಯತ್ಯಾಸ ಹಿಡಿಯುವುದಿಲ್ಲ, ಅದು 0.7 ಆಗಿಯೇ ಕೂತಿತು. ಸಾವಿರದಲ್ಲಿ ಒಂದರಷ್ಟು ಅಂತರ ಬಿಟ್ಟರೆ ನಡೆಯುತ್ತದೆ. ಆದರೆ ನಮಗೆ ಅಂಚು ಕತ್ತರಿಸಿದಂತೆ ಚೊಕ್ಕವಾಗಿ ಬೇಕಿತ್ತು. ಕಡಲನ್ನು ಬೇರೆ ಆಯತವಾಗಿ ತುಂಬಿದೆವು. ಆಕಾಶದ ಗ್ರೇಡಿಯಂಟ್ ಆಕಾಶದಲ್ಲೇ ಮುಗಿಯುತ್ತದೆ, ಕೇಸರಿ ಪಟ್ಟಿ 0.999 ದಾಟದಂತೆ ತಡೆ ಹಾಕಿದ್ದೇವೆ.

ಈ ನಿಮಿಷದ ತಪ್ಪು ಸಿಕ್ಕಿದ್ದು ಫ್ಯಾಕ್ಟರಿ ಮೆಥಡ್ ದಯೆಯಿಂದ. ಗಡಿಯಾರವನ್ನು ಅದು ತಾನಾಗಿ ನೋಡುವುದಿಲ್ಲ, ನಾವು ಕೊಟ್ಟ ನಿಮಿಷ ತೆಗೆದುಕೊಳ್ಳುತ್ತದೆ. ಹಾಗಾಗಿ 0ಯಿಂದ 1439ರವರೆಗೆ ದಿನದ 1440 ನಿಮಿಷಕ್ಕೂ ಒಂದು ಲೂಪಿನಲ್ಲಿ ಕರೆದು ನೋಡಿದೆವು. ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯಿತು. ಎರಡು ಕಡೆ ಬಿತ್ತು, ಒಂದು ಬೆಳಿಗ್ಗೆ, ಒಂದು ಸಂಜೆ. ಬೆಳಗಿನದ್ದು ನಮ್ಮ ತಲೆಗೇ ಹೊಳೆದಿರಲಿಲ್ಲ.

ಆಗಸ್ಟ್ ಮೊದಲ ವಾರ ಹೊಸದನ್ನು ಹಾಕಿ ಬಂದೆವು. ಸಂಜೆ ಫೋಟೊ ಕಳಿಸಿದ್ದರು: ಪರದೆಯಲ್ಲಿ ಕೇಸರಿ ಆಕಾಶ, ಕಿಟಕಿಯಾಚೆ ಕಪ್ಪು ಮೋಡ, ಧೋ ಎಂದು ಮಳೆ. ಕೆಳಗೆ ಒಂದು ಸಾಲು: "ಮೇಡಂ, ಮೋಡ ಯಾವಾಗ ಹಾಕ್ತೀರಿ?"